ಬೇರಿನ ಟೀಪಾಯಿ ಮೇಲೆ ಗಾಜು ಕೂರಿಸೋಕೆ ಅಂಟು ಬೇಕಾ?

"ತೋಟದಲ್ಲಿ ಉರುಳಿದ್ದ ಹಲಸಿನ ಬೇರು ಕೆತ್ತಿಸಿ ಟೀಪಾಯಿ ಮಾಡಿಸುತ್ತಿದ್ದೇವೆ, ಮೇಲೆ ಗಾಜು ಹಾಕಬೇಕು. ಫೆವಿಕಾಲ್ ಹಿಡಿಯುತ್ತಾ, ಸಿಲಿಕೋನ್ ಹಾಕಬೇಕಾ?" ಸಾಗರ, ತೀರ್ಥಹಳ್ಳಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು.

ಹೆಚ್ಚಿನ ಮನೆಗಳಿಗೆ ಅಂಟೇ ಬೇಡ. ಗಾಜಿನ ತೂಕವೇ ಅದನ್ನು ಹಿಡಿದಿಡುತ್ತದೆ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಅಂದರೆ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ 12 ಮಿ.ಮೀ. ಗಾಜು ಸುಮಾರು 28 ಕೆ.ಜಿ. ಆಯಿತು. ಗಾಜಿನ ಕೆಳಗೆ ಪಾರದರ್ಶಕ ಸಿಲಿಕೋನ್ ಬಟನ್ (ರಬ್ಬರಿನಂಥ ಪುಟ್ಟ ಬಿಲ್ಲೆ) ಇಟ್ಟರೆ ಸುಮ್ನೆ ಕೈ ತಾಗಿದ್ದಕ್ಕೆಲ್ಲ ಅದು ಜರುಗುವುದಿಲ್ಲ.

ಫೆವಿಕಾಲ್ ಮಾತ್ರ ಬೇಡವೇ ಬೇಡ. ಅದು ಮರದೊಳಗೆ ಇಳಿದು ಹಿಡಿಯುವ ಅಂಟು, ಗಾಜಿನಲ್ಲಿ ಇಳಿಯೋಕೆ ಜಾಗ ಎಲ್ಲಿದೆ? ಎರಡು ಟ್ಯೂಬ್ ಕಲಸಿ ಹಾಕುವ ಗಟ್ಟಿ ಅಂಟೂ ನಮ್ಮ ಮಲೆನಾಡಿಗೆ ಸರಿಯಲ್ಲ. ಜೂನ್‌ನಿಂದ ಮಳೆ ಹಿಡಿದರೆ ಮರ ಉಬ್ಬುತ್ತದೆ, ಮಾರ್ಚ್ ಬಿಸಿಲಿಗೆ ಕುಗ್ಗುತ್ತದೆ, ಗಾಜು ಮಾತ್ರ ಇದ್ದ ಹಾಗೇ ಇರುತ್ತದೆ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಅಂಟು ಬಿಡಬೇಕು, ಇಲ್ಲಾ ಗಾಜು ಒಡೆಯಬೇಕು. ಬಟನ್ ಇದ್ದರೆ ನಡುವೆ ಒಂದೆರಡು ಮಿಲಿಮೀಟರ್ ಸಂದಿಯೂ ಉಳಿಯುತ್ತದೆ, ಗಾಳಿ ಆಡುತ್ತದೆ. ಪಾಲಿಶ್ ಹೊಡೆದ ಮರಕ್ಕೆ ಗಾಜು ಅಂಟಿಕೊಂಡೇ ಕೂತರೆ ಮಳೆಗಾಲದಲ್ಲಿ ಅಡಿಯಲ್ಲಿ ಬೂಸ್ಟು ಬರುವುದನ್ನು ಯಾರು ನೋಡಿಲ್ಲ ಹೇಳಿ.

ನಿಜವಾದ ಕೆಲಸ ಇರುವುದು ಮಟ್ಟ ಮಾಡುವುದರಲ್ಲಿ, ಅದಕ್ಕೇ ಜಾಸ್ತಿ ಸಮಯ ಕೊಡಿ. ಮೊದಲು ಬೇರು ಒಣಗಿರಬೇಕು. ಹಸಿ ಬೇರು ಆಮೇಲೆ ತಿರುಚಿಕೊಂಡು ಇವತ್ತಿನ ಮಟ್ಟವನ್ನೆಲ್ಲ ಹಾಳು ಮಾಡುತ್ತದೆ, ಕೆಚ್ಚಿನ ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುವುದೂ ಉಂಟು. ಒಣಗಿದ ಮೇಲೆ ಗಾಜಿನ ಅಳತೆಗೇ ಒಂದು ಪ್ಲೈವುಡ್ ಹಲಗೆ ಕತ್ತರಿಸಿ ಬೇರಿನ ಮೇಲಿಟ್ಟು, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಗುಳ್ಳೆ ಯಾವ ಕಡೆ ಓಡುತ್ತದೋ ಆ ಕಡೆ ಎತ್ತರ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆಚಾರ್ರ ಹತ್ತಿರ ಉಳಿಯಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಸಿ, ಮತ್ತೆ ಹಲಗೆ ಇಟ್ಟು ನೋಡಿ. ಗಾಜು ತಾಗುವ ಜಾಗ ಮೂರೇ ಇದ್ದರೆ ಅಲ್ಲಾಡುವ ಮಾತೇ ಇಲ್ಲ, ಆದರೆ ಆ ಮೂರೂ ಒಂದಕ್ಕೊಂದು ದೂರ ದೂರ ಇರಬೇಕು. ಕೊನೆಗೆ ಹಲಗೆಯ ಒಂದೊಂದೇ ಅಂಚನ್ನು ಅಂಗೈಯಿಂದ ಬಲವಾಗಿ ಒತ್ತಿ. ಎದುರಿನ ಅಂಚು ಮೇಲೆದ್ದರೆ ಗಾಜು ಬೇರಿನಿಂದ ತುಂಬಾ ಹೊರಚಾಚಿದೆ ಅಂತ ಅರ್ಥ. ಅಳತೆ ಕಡಿಮೆ ಮಾಡಿ.

ಇಷ್ಟಾದ ಮೇಲೇ ಗಾಜಿಗೆ ಆರ್ಡರ್ ಕೊಡಿ. ಟಫನ್ ಗಾಜನ್ನೇ (ಕಾಯಿಸಿ ಗಟ್ಟಿ ಮಾಡಿದ ಗಾಜು) ಕೇಳಿ, ಅದು ಒಡೆದರೂ ಈಟಿಯಂಥ ಚೂರಾಗದೆ ಸಣ್ಣ ಹರಳಾಗಿ ಉದುರುತ್ತದೆ. ಆದರೆ ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸೋಕೂ ಆಗದು, ತೂತು ಕೊರೆಯೋಕೂ ಆಗದು. ಅಂಗಡಿಗೆ ಆ ಪ್ಲೈವುಡ್ ಹಲಗೆಯನ್ನೇ ಒಯ್ದು ತೋರಿಸುವುದು ಒಳ್ಳೆಯದು.

ಮನೆಯಲ್ಲಿ ಟೀಪಾಯಿ ಹಿಡಿದು ಏಳುವ ಮಗು ಇದ್ದರೆ ಗಾಜನ್ನು ಹಿಡಿದಿಡಲೇಬೇಕು. ಆಗ ನ್ಯೂಟ್ರಲ್ ಸಿಲಿಕೋನ್ ಅಂಟು ತೆಗೆದುಕೊಳ್ಳಿ, ವಿನಿಗರ್ ವಾಸನೆ ಬರುವುದು ಬೇಡ. ಬಟನ್‌ಗಳ ಪಕ್ಕ ಪುಟ್ಟ ಪುಟ್ಟ ಚುಕ್ಕೆ ಸಾಕು. ಇದು ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗುವುದರಿಂದ ಮರ ಉಬ್ಬಿದರೂ ತಾಳಿಕೊಳ್ಳುತ್ತದೆ, ಮುಂದೆ ಬಿಡಿಸಬೇಕಾದರೆ ಗಾಳದ ನೈಲಾನ್ ದಾರವನ್ನು ಸಂದಿಯಲ್ಲಿ ಗರಗಸದಂತೆ ಎಳೆದರೆ ಬರುತ್ತದೆ. ಹಚ್ಚಿದ ಮೇಲೆ ಎರಡು ಮೂರು ದಿನ ಮುಟ್ಟಬೇಡಿ.

ಗಾಜನ್ನು ಯಾವಾಗಲೂ ಇಬ್ಬರು ಸೇರಿ ನೆಟ್ಟಗೆ ನಿಲ್ಲಿಸಿಯೇ ಹೊರಬೇಕು. ಕೆಳಗಿಡುವಾಗ ಸಿಮೆಂಟ್ ನೆಲದ ಮೇಲೆ ಗೋಣಿಚೀಲ ಹಾಸಿಕೊಳ್ಳಿ, ಟಫನ್ ಗಾಜು ಮೇಲಿನ ಪೆಟ್ಟು ತಡೆದರೂ ಮೂಲೆಗೆ ಬಿದ್ದ ಪೆಟ್ಟಿಗೆ ಒಂದೇ ಸಲಕ್ಕೆ ಪುಡಿಯಾಗಬಹುದು.