ಹದಿಮೂರರ ಹುಡುಗಿಯ ಕ್ವಾಡ್ ಎಷ್ಟು ದಿನ ಬಾಳುತ್ತದೆ?

ಫಿಗರ್ ಸ್ಕೇಟಿಂಗ್‌ನಲ್ಲಿ ಐಸ್ ಮೇಲಿಂದ ಜಿಗಿದು, ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಇದೇ ಕ್ವಾಡ್. ಮುಕ್ಕಾಲು ಸೆಕೆಂಡೂ ಸಿಗುವುದಿಲ್ಲ. ಮಹಿಳೆಯರಲ್ಲಿ ಇದನ್ನು ಮೊದಲು ಸಾಧಿಸಿದವರು ಜಪಾನ್‌ನ ಮಿಕಿ ಆಂಡೋ. 2002ರ ಜೂನಿಯರ್ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಕ್ವಾಡ್ ಸಾಲ್ಕೋ (ಸಾಲ್ಕೋ ಎಂಬುದು ಒಂದು ಬಗೆಯ ಜಿಗಿತ) ಮಾಡಿದಾಗ ಅವರಿಗೆ ಇನ್ನೂ 14. 2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಅದನ್ನೇ ಯತ್ನಿಸಿ ಬಿದ್ದರು. ಆದರೆ 2007 ಮತ್ತು 2011ರಲ್ಲಿ ಅವರು ವಿಶ್ವ ಚಾಂಪಿಯನ್ ಆದದ್ದು ಕ್ವಾಡ್ ಇಲ್ಲದೆಯೇ. ಚಿಕ್ಕಂದಿನಲ್ಲಿ ಸಿಕ್ಕ ಕ್ವಾಡ್ ಬೆಳೆದ ಮೇಲೆ ಕೈಬಿಡುತ್ತದೆ. ಇಂದಿನ ಹುಡುಗಿಯರ ಕಥೆಯೂ ಹೆಚ್ಚುಕಡಿಮೆ ಇದೇ.

ಯಾಕೆ ಹೀಗೆ? ಸಣ್ಣ ಮೈಯಲ್ಲಿ ಭುಜ, ಸೊಂಟ ಎರಡೂ ಕಿರಿದು. ಕೈಗಳನ್ನು ಎದೆಗೆ ಒತ್ತಿಕೊಂಡರೆ ಸಾಕು, ಸರ್ರನೆ ತಿರುಗುತ್ತದೆ. ಮೈ ಬೆಳೆದಾಗ ಅದೇ ವೇಗ ಬರುವುದಿಲ್ಲ. ಆಗ ಉಳಿಯುವ ದಾರಿ ಇನ್ನೂ ಎತ್ತರಕ್ಕೆ ಜಿಗಿಯುವುದು ಮಾತ್ರ.

ಹಾಗಾಗಿ ನೋಡಬೇಕಾದ್ದು ಸುತ್ತುಗಳನ್ನಲ್ಲ, ಕಾಲು ಐಸ್ ಬಿಡುವ ಗಳಿಗೆಯನ್ನು. ಲಟ್ಜ್ ಜಿಗಿತವನ್ನೇ ತಗೊಳ್ಳಿ. ಸಾಮಾನ್ಯವಾಗಿ ಎಡಗಾಲಿನ ಬ್ಲೇಡ್‌ನ ಹೊರ ಅಂಚಿನ ಮೇಲೆ ಹಿಂದಕ್ಕೆ ಜಾರುತ್ತಾ ಬಂದು, ಬಲಗಾಲಿನ ಬ್ಲೇಡ್ ತುದಿಯ ಹಲ್ಲುಗಳನ್ನು ಐಸಿಗೆ ಊರಿ ಚಿಮ್ಮಬೇಕು. ಜಾರುವ ಬಳುಕು ಒಂದು ಕಡೆ, ಗಾಳಿಯಲ್ಲಿ ತಿರುಗುವುದು ಇನ್ನೊಂದು ಕಡೆ. ಕಷ್ಟ ಇರುವುದೇ ಅಲ್ಲಿ. ಕೊನೇ ಕ್ಷಣದಲ್ಲಿ ಪಾದ ಒಳ ಅಂಚಿಗೆ ವಾಲಿದರೆ ಅದು ಲಟ್ಜ್ ಅಲ್ಲ, ಅಂಕ ಹೋಗುತ್ತದೆ. ಇನ್ನು ಕೆಲವರು ಬ್ಲೇಡ್ ಐಸ್ ಮೇಲಿರುವಾಗಲೇ ಜಾಸ್ತಿ ತಿರುಗಿಬಿಡುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಇದು ನಡೆದುಹೋಗುತ್ತದೆ. ಆಮೇಲೆ ತಿದ್ದುವುದು ಬಹಳ ಕಷ್ಟ.

2018ರಲ್ಲಿ ಸೋಫಿಯಾದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಷ್ಯಾದ 13ರ ಅಲೆಕ್ಸಾಂಡ್ರಾ ಟ್ರುಸೋವಾ ಒಂದೇ ಪ್ರದರ್ಶನದಲ್ಲಿ ಎರಡು ಕ್ವಾಡ್ ಮಾಡಿದರು. ಅಲ್ಲಿಂದ ಓಟ ಶುರುವಾಯಿತು. ಅಂಕಗಳೇ ಹಾಗಿದ್ದವು: ಮೂರು ಸುತ್ತಿನ ಟ್ರಿಪಲ್ ಲಟ್ಜ್‌ಗೆ ಮೂಲ ಅಂಕ 5.9, ಕ್ವಾಡ್ ಲಟ್ಜ್‌ಗೆ 11.5. ಯಾವ ಕೋಚ್ ತಾನೇ ಬಿಡುತ್ತಾರೆ?

2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟ್ರುಸೋವಾ ಫ್ರೀ ಸ್ಕೇಟ್‌ನಲ್ಲಿ (ಎರಡು ಸುತ್ತಿನ ಪ್ರದರ್ಶನದಲ್ಲಿ ಉದ್ದನೆಯದು) ಐದು ಕ್ವಾಡ್ ಹಾರಿದರೂ ಬೆಳ್ಳಿಗೆ ನಿಂತರು. ಅದೇ ಕೂಟದಲ್ಲಿ ರಷ್ಯಾದವರೇ ಆದ 15ರ ಕಮಿಲಾ ವಲಿಯೆವಾ ಒಲಿಂಪಿಕ್ಸ್‌ನಲ್ಲಿ ಕ್ವಾಡ್ ಮಾಡಿದ ಮೊದಲ ಮಹಿಳೆಯಾದರು. ಮುಂದಿನ ದಿನಗಳಲ್ಲೇ ಅವರ ಉದ್ದೀಪನ ಮದ್ದಿನ ಪ್ರಕರಣ ಹೊರಬಿತ್ತು. ಲೋಕದ ಕಣ್ಣೆದುರು ಆ ಹುಡುಗಿ ಮತ್ತೆ ಮತ್ತೆ ಬಿದ್ದದ್ದನ್ನು ನೋಡುವುದೇ ಸಂಕಟವಾಗಿತ್ತು. ಸುತ್ತಲಿದ್ದ ದೊಡ್ಡವರ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಅಷ್ಟು ಸುಲಭಕ್ಕೆ ಬಿಡಬಾರದು.

ಅದೇ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು. 2024–25ರಿಂದ ಅದು ಪೂರ್ತಿ ಜಾರಿಗೆ ಬಂತು. ತಡವಾಯಿತು, ಆದರೆ ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಮೈ ಬೆಳೆಯುವ ಮುಂಚೆ ಗೆದ್ದುಬಿಡುವ ಅವಸರ ಇದರಿಂದ ತಗ್ಗುತ್ತದೆ.

ಕ್ವಾಡ್ ಇಲ್ಲದೆ ಗೆಲ್ಲಲಾಗದು ಎಂಬ ಮಾತೂ ನಿಲ್ಲಲಿಲ್ಲ. ಜಪಾನ್‌ನ ಕಾವೊರಿ ಸಕಾಮೊಟೊ 2022ರಿಂದ 2024ರವರೆಗೆ ಸತತ ಮೂರು ವಿಶ್ವ ಪ್ರಶಸ್ತಿ ಗೆದ್ದದ್ದು ಕ್ವಾಡ್, ಟ್ರಿಪಲ್ ಆಕ್ಸೆಲ್ (ಮುಂದಕ್ಕೆ ಜಿಗಿದು ಮೂರೂವರೆ ಸುತ್ತು ತಿರುಗುವುದು) ಎರಡೂ ಇಲ್ಲದೆ. ವೇಗವಾಗಿ ಬಂದು, ದೂರ ಹಾರಿ, ಇಳಿದ ಮೇಲೂ ವೇಗ ಬಿಡದೆ ಜಾರುವುದು ಅವರ ಬಲವಾಗಿತ್ತು.

ಈಗ ಕುತೂಹಲ ಇರುವುದು ಜಪಾನ್‌ನವರೇ ಆದ ಮಾವೊ ಶಿಮಾಡಾ ಮೇಲೆ. 2023ರಿಂದ 2025ರವರೆಗೆ ಸತತ ಮೂರು ಜೂನಿಯರ್ ವಿಶ್ವ ಪ್ರಶಸ್ತಿ, ಜೊತೆಗೆ ಟ್ರಿಪಲ್ ಆಕ್ಸೆಲ್, ಕ್ವಾಡ್ ಟೋ ಲೂಪ್ ಎಂಬ ಇನ್ನೊಂದು ಬಗೆಯ ಜಿಗಿತ. ಆದರೂ ವಯಸ್ಸಿನ ನಿಯಮದಿಂದ 2026ರ ಮಿಲಾನ್ ಒಲಿಂಪಿಕ್ಸ್ ಅವರಿಗೆ ಸಿಗಲಿಲ್ಲ. 2030ರ ಕೂಟದ ಹೊತ್ತಿಗೆ ಅವರಿಗೆ 21 ಆಗಿರುತ್ತದೆ. ಬೆಳೆದ ಮೈಯಲ್ಲೂ ಆ ಕ್ವಾಡ್ ಉಳಿಸಿಕೊಂಡರೆ, ಹುಡುಗಿಯರಿಗೆ ತರಬೇತಿ ಕೊಡುವ ಕ್ರಮವೇ ಬದಲಾಗಬಹುದು.