ಡಾಲ್ಫಿನ್ನಿನ ಸದ್ದು ಎಷ್ಟು ಜೋರು ಎಂದು ಕೇಳುವ ಮೊದಲು

ಪ್ರತಿಧ್ವನಿಯಿಂದ ಗುರಿಯನ್ನು ಅರಿಯಲು ಡಾಲ್ಫಿನ್ ಹೊರಡಿಸುವ ಕ್ಲಿಕ್ ಸದ್ದು ಎಷ್ಟು ಜೋರಾಗಿರುತ್ತದೆ ಎಂದು ನನ್ನನ್ನು ಕೇಳುವವರು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ನಿರೀಕ್ಷಿಸುತ್ತಾರೆ. ಸಂಖ್ಯೆಯೇನೋ ಇದೆ. ತೆರೆದ ನೀರಿನಲ್ಲಿ ಬಾಟಲ್‌ನೋಸ್ ಡಾಲ್ಫಿನ್ನಿನ ಕ್ಲಿಕ್ಕು, 1 ಮೀಟರ್ ದೂರಕ್ಕೆ ಲೆಕ್ಕ ಹಾಕಿದಾಗ, ಒತ್ತಡದ ಮೇಲ್ತುದಿಯಿಂದ ಕೆಳತುದಿಯವರೆಗಿನ ಅಳತೆಯಲ್ಲಿ 220 ಡೆಸಿಬಲ್ ದಾಟುವುದುಂಟು. ಆದರೆ ಆ ಸಂಖ್ಯೆ ಪ್ರಾಣಿಯ ಮುಂದಿನ ಬಹಳ ಕಿರಿದಾದ ದಿಕ್ಕೊಂದಕ್ಕೆ ಮಾತ್ರ ಸಲ್ಲುತ್ತದೆ. ಅದೇ ಕ್ಷಣದಲ್ಲಿ ಅದರ ಪಕ್ಕೆಯ ಬಳಿ ಇಳಿಬಿಟ್ಟ ಹೈಡ್ರೋಫೋನು, ಅಂದರೆ ನೀರಿನೊಳಗಿನ ಮೈಕ್ರೊಫೋನು, ದಾಖಲಿಸುವ ಸದ್ದು ಕ್ಷೀಣವಾಗಿರುತ್ತದೆ, ಹೆಚ್ಚು ಹೊತ್ತು ಎಳೆದಿರುತ್ತದೆ, ಆಕಾರವನ್ನೂ ಕಳೆದುಕೊಂಡಿರುತ್ತದೆ. ದಿಕ್ಕನ್ನು ಹೇಳದ ಡೆಸಿಬಲ್ಲನ್ನು ನಾನು ಅರ್ಧ ಅಳತೆಯೆಂದೇ ಎಣಿಸುತ್ತೇನೆ. (220 ಎಂಬುದನ್ನು ಗಾಳಿಯಲ್ಲಿನ ಜೆಟ್ ವಿಮಾನದ ಸದ್ದಿನೊಂದಿಗೆ ಹೋಲಿಸುವ ಚಾಳಿಯೂ ಇದೆ. ನೀರಿನಲ್ಲಿ ಡೆಸಿಬಲ್‌ನ ಎಣಿಕೆಗೆ ಆಧಾರವಾದ ಒತ್ತಡ 1 ಮೈಕ್ರೊಪ್ಯಾಸ್ಕಲ್, ಗಾಳಿಯಲ್ಲಿ 20. ಮಾಧ್ಯಮದ ವ್ಯತ್ಯಾಸವನ್ನೂ ಸೇರಿಸಿದರೆ ಒಂದೇ ತೀವ್ರತೆಯ ಸದ್ದಿಗೆ ಎರಡು ಲೆಕ್ಕಗಳ ನಡುವೆ ಸುಮಾರು 62 ಡೆಸಿಬಲ್ ಅಂತರ ಬೀಳುತ್ತದೆ. ಆ ಹೋಲಿಕೆಯನ್ನು ಬಿಡುವುದೇ ಲೇಸು.)

ಡಾಲ್ಫಿನ್ ಈ ಸದ್ದನ್ನು ಗಂಟಲಿನಿಂದ ಹೊರಡಿಸುವುದಿಲ್ಲ. ನೆತ್ತಿಯ ಉಸಿರುರಂಧ್ರದ ಕೆಳಗೆ, ಮೂಗಿನ ಹಾದಿಯಲ್ಲಿ, ಧ್ವನಿತುಟಿಗಳೆಂಬ ಎರಡು ಜೋಡಿ ಅಂಗಾಂಶದ ಮಡಿಕೆಗಳಿವೆ. ಗಾಳಿಯ ಒತ್ತಡಕ್ಕೆ ಅವು ತೆರೆದು ಫಟ್ಟನೆ ಮುಚ್ಚಿಕೊಂಡಾಗ ಕ್ಲಿಕ್ಕು ಹುಟ್ಟುತ್ತದೆ. ಹಿಂಬದಿಯಲ್ಲಿ ಬೋಗುಣಿಯಂತೆ ಬಾಗಿದ ತಲೆಬುರುಡೆಯೂ ಸುತ್ತಲಿನ ಗಾಳಿಚೀಲಗಳೂ ಅದನ್ನು ಮುಂದಕ್ಕೆ ತಳ್ಳುತ್ತವೆ. ಹಣೆಯಲ್ಲಿ ಉಬ್ಬಿಕೊಂಡಿರುವ ಕೊಬ್ಬಿನ ಗಡ್ಡೆಗೆ ಮೆಲನ್ ಎನ್ನುತ್ತೇವೆ. ಅದರ ನಡುವಿನಲ್ಲಿ ಧ್ವನಿಯ ವೇಗ ಕಡಿಮೆ, ಅಂಚಿನತ್ತ ಹೋದಂತೆ ಹೆಚ್ಚು. ಹೀಗಾಗಿ ಮೆಲನ್ ಮಸೂರದ ಕೆಲಸ ಮಾಡಿ, ಸದ್ದನ್ನು ಒಂದು ಪುಂಜವಾಗಿ ನೀರಿಗೆ ದಾಟಿಸುತ್ತದೆ.

ಅಳೆಯಲು ಹೊರಟಾಗ ಮೊದಲು ಎದುರಾಗುವುದು ಹೈಡ್ರೋಫೋನಿನ ಗಾತ್ರದ ಪ್ರಶ್ನೆ. ಕ್ಲಿಕ್ಕಿನ ಶಕ್ತಿ ಹೆಚ್ಚಾಗಿ 120 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಸಮುದ್ರದ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಆದ್ದರಿಂದ ಅದರ ತರಂಗಾಂತರ 12.5 ಮಿಲಿಮೀಟರ್, ಅಂದರೆ ಒಂದು ಬೆರಳಿನ ಅಗಲಕ್ಕಿಂತ ತುಸು ಕಡಿಮೆ. ಇದಕ್ಕಿಂತ ದೊಡ್ಡದಾದ ಹೈಡ್ರೋಫೋನನ್ನು ಬಳಸಿದರೆ ಅದಕ್ಕೆ ತನ್ನದೇ ದಿಕ್ಕಿನ ಪಕ್ಷಪಾತವಿರುತ್ತದೆ. ಆಗ ನಾವು ಅಳೆದದ್ದು ಡಾಲ್ಫಿನ್ನನ್ನೋ ಉಪಕರಣವನ್ನೋ ಎಂದು ಹೇಳಲು ಬರುವುದಿಲ್ಲ. ಕ್ಲಿಕ್ಕು ಬಾಳುವುದು ಸುಮಾರು 50 ಮೈಕ್ರೊಸೆಕೆಂಡು; ನೀರಿನಲ್ಲಿ ಅದರ ಉದ್ದ ಏಳೂವರೆ ಸೆಂಟಿಮೀಟರ್ ಮಾತ್ರ. ಅದರ ಆಕಾರವನ್ನು ಹಿಡಿಯಲು ಪ್ರತಿ ಹೈಡ್ರೋಫೋನಿನಿಂದ ಸೆಕೆಂಡಿಗೆ ಕನಿಷ್ಠ ಐದು ಲಕ್ಷ, ಸಾಧ್ಯವಾದರೆ ಹತ್ತು ಲಕ್ಷ ಮಾದರಿಗಳನ್ನು ತೆಗೆಯಬೇಕು, ಅದೂ ಎಲ್ಲ ಹೈಡ್ರೋಫೋನುಗಳಿಂದ ಒಂದೇ ಗಡಿಯಾರಕ್ಕೆ ಕಟ್ಟಿ.

ಈ ಕ್ಷೇತ್ರದ ಅಡಿಪಾಯ ಹಾಕಿದ ಮಾಪನಗಳು ಹವಾಯಿಯ ಕನೇಓಹೆ ಕೊಲ್ಲಿಯಲ್ಲಿ ನಡೆದವು. ಅದಕ್ಕೂ ಮುಂಚೆ ಕಾಂಕ್ರೀಟು ಕೊಳಗಳಲ್ಲಿ ದಾಖಲಾದ ಕ್ಲಿಕ್ಕುಗಳ ಶಕ್ತಿ ಅತಿ ಹೆಚ್ಚಿರುವ ಆವರ್ತನ ಬಹುಪಾಲು 30ರಿಂದ 60 ಕಿಲೋಹರ್ಟ್ಸ್ ಒಳಗಿತ್ತು. ಸಂಶೋಧಕ ವಿಟ್ಲೋ ಆವು ಮತ್ತು ಸಂಗಡಿಗರು ತೆರೆದ ಕೊಲ್ಲಿಯಲ್ಲಿ ಅಳೆದು 1974ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅದು 120ರ ಹತ್ತಿರಕ್ಕೆ ಏರಿತ್ತು, ಸದ್ದೂ ಬಹಳ ಜೋರಾಗಿತ್ತು. ದೂರದ ಗುರಿ ಮತ್ತು ಚಿಟಿಕೆ ಹೊಡೆಯುವ ಸಿಗಡಿಗಳ ಎಡೆಬಿಡದ ಗದ್ದಲ, ಇವೆರಡರ ನಡುವೆ ಪ್ರಾಣಿ ತನ್ನ ದನಿಯನ್ನು ಎತ್ತರಿಸಿತ್ತು. ಮುಂದೆ ಡಾಲ್ಫಿನ್ನಿಗೆ ಹಲ್ಲಿನಿಂದ ಕಚ್ಚಿ ಹಿಡಿಯುವ ಪಟ್ಟಿಯೊಂದನ್ನು ಕೊಟ್ಟು, ತಲೆ ಅಲುಗದಂತೆ ಕಲಿಸಿ, ಮುಂದೆ ಹೈಡ್ರೋಫೋನುಗಳ ಸಾಲನ್ನು ನಿಲ್ಲಿಸಿ, ಪುಂಜದ ಅಗಲವನ್ನು ಕಂಡುಕೊಂಡರು. ತೀವ್ರತೆ ನಡುವಿಗಿಂತ 3 ಡೆಸಿಬಲ್ ಇಳಿಯುವ, ಅಂದರೆ ಅರ್ಧಕ್ಕೆ ಬರುವ, ಎರಡು ಅಂಚುಗಳ ನಡುವಿನ ಕೋನ ಸುಮಾರು 10 ಡಿಗ್ರಿ. 10 ಮೀಟರ್ ದೂರದಲ್ಲಿ ಇದು ಸುಮಾರು 1.75 ಮೀಟರ್ ಅಗಲದ ಮಚ್ಚೆ.

ಪುಂಜ ಮೇಲಕ್ಕೆ ಎಷ್ಟು ವಾಲಿದೆ ಎಂಬ ವಿಷಯದಲ್ಲಿ ಮಾತ್ರ 1978ರ ವರದಿ 20 ಡಿಗ್ರಿ ಎಂದಿತು, 1986ರ ವರದಿ 5 ಡಿಗ್ರಿ ಎಂದಿತು. ಎರಡರಲ್ಲೂ ಆವು ಇದ್ದರು. ನಾನು ಈ ಜೋಡಿ ಸಂಖ್ಯೆಯನ್ನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಕೋನವನ್ನು ಅಳೆಯಬೇಕಾದರೆ ಶೂನ್ಯ ಎಲ್ಲಿದೆ ಎಂಬುದು ಮೊದಲು ನಿಶ್ಚಯವಾಗಬೇಕು. ಮಿದುವಾದ, ಜೀವವಿರುವ, ಉಸಿರಿಗೆಂದು ಮತ್ತೆಮತ್ತೆ ಮೇಲೆದ್ದು ಬರುವ ತಲೆಯೊಂದರ ಮೇಲೆ ಆ ಶೂನ್ಯವನ್ನು ಪ್ರತಿ ಸಲವೂ ಒಂದೇ ಕಡೆ ಇಡುವುದು, ಎಲೆಕ್ಟ್ರಾನಿಕ್ಸ್‌ಗಿಂತ ಕಷ್ಟದ ಕೆಲಸ.

ನನ್ನದೇ ಎಡವಟ್ಟೊಂದನ್ನು ಹೇಳಬೇಕು. ಒಮ್ಮೆ ಏಳು ಹೈಡ್ರೋಫೋನುಗಳನ್ನು ಕಮಾನಿನಲ್ಲಿ ಕಟ್ಟಿ ಅಳೆಯುತ್ತಿದ್ದೆವು. ಪುಂಜದ ಎಡಬದಿ ಬಲಬದಿಗಿಂತ 3 ಡೆಸಿಬಲ್ ಕ್ಷೀಣವಾಗಿರುವುದು ದಿನವೂ ತಪ್ಪದೆ ಕಾಣಿಸಿತು. ಹಲ್ಲುಳ್ಳ ತಿಮಿಂಗಿಲಗಳ ಮತ್ತು ಡಾಲ್ಫಿನ್‌ಗಳ ತಲೆಬುರುಡೆ ಎಡ–ಬಲ ಸಮನಾಗಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಅದರ ಗುರುತು ಧ್ವನಿಯಲ್ಲೂ ಸಿಕ್ಕಿತೆಂದು ನಾವು ಹಿಗ್ಗತೊಡಗಿದ್ದೆವು. ಯಾಕೋ ಮನಸ್ಸು ಒಪ್ಪದೆ ಎರಡನೆಯ ಮತ್ತು ಆರನೆಯ ಹೈಡ್ರೋಫೋನುಗಳನ್ನು ಅದಲುಬದಲು ಮಾಡಿ ಕಟ್ಟಿದೆ. ಮರುದಿನ ಆ ಕ್ಷೀಣತೆ ಬಲಬದಿಯಲ್ಲಿತ್ತು. ಕೇಬಲ್ಲಿನ ಜೋಡಣೆಯೊಳಗೆ ನೀರು ಒಸರಿ, ಮೊದಲು ಎಡಬದಿಯಲ್ಲಿದ್ದ ಹೈಡ್ರೋಫೋನಿನ ಸಂವೇದನೆ ಕುಗ್ಗಿತ್ತು, ಅಷ್ಟೆ. ಅಂದಿನಿಂದ ಪ್ರತಿ ಅವಧಿಯ ಮೊದಲೂ ನಂತರವೂ ಒಂದು ಪರೀಕ್ಷಾ ಪ್ರೇಷಕದಿಂದ ಗೊತ್ತಿರುವ ಸದ್ದನ್ನು ಹೊರಡಿಸಿ ಎಲ್ಲ ಹೈಡ್ರೋಫೋನುಗಳನ್ನೂ ತಾಳೆ ನೋಡದೆ ನಾನು ದತ್ತಾಂಶಕ್ಕೆ ಕೈ ಹಾಕುವುದಿಲ್ಲ.

ಇನ್ನೊಂದು ಕಾಟ ನೀರಿನ ಮೇಲ್ಮೈಯದು. ಮೇಲ್ಮೈಗೆ ಬಡಿದ ಸದ್ದಿನ ಅಲೆ ತಲೆಕೆಳಗಾಗಿ, ಅಂದರೆ ಏರು ಇಳಿತವಾಗಿ, ಹಿಂದಿರುಗುತ್ತದೆ. ಪ್ರಾಣಿಯೂ ಹೈಡ್ರೋಫೋನೂ 30 ಸೆಂಟಿಮೀಟರ್ ಆಳದಲ್ಲಿದ್ದು, ನಡುವಿನ ಅಂತರ 5 ಮೀಟರ್ ಇದ್ದರೆ, ಪ್ರತಿಫಲಿತ ಹಾದಿ ನೇರ ಹಾದಿಗಿಂತ 3.6 ಸೆಂಟಿಮೀಟರ್ ಮಾತ್ರ ಉದ್ದ. ಅದು 24 ಮೈಕ್ರೊಸೆಕೆಂಡು ತಡವಾಗಿ, ಕ್ಲಿಕ್ಕು ಇನ್ನೂ ಮುಗಿದಿರದಾಗಲೇ, ಅದರ ಮೇಲೆಯೇ ಬಂದು ಬೀಳುತ್ತದೆ. ಇಬ್ಬರನ್ನೂ 1 ಮೀಟರ್ ಆಳಕ್ಕೆ ಇಳಿಸಿ ಅಂತರವನ್ನು 2 ಮೀಟರಿಗೆ ತಂದರೆ ವಿಳಂಬ ಅರ್ಧ ಮಿಲಿಸೆಕೆಂಡು ಮೀರುತ್ತದೆ, ಎರಡನ್ನೂ ಸಲೀಸಾಗಿ ಬೇರ್ಪಡಿಸಬಹುದು. ಹಾಗೆಂದು ತೀರಾ ಹತ್ತಿರ ಹೋಗುವಂತೆಯೂ ಇಲ್ಲ. ತಲೆಯಿಂದ ಸುಮಾರು ಅರ್ಧ ಮೀಟರ್ ಒಳಗೆ ಪುಂಜ ಇನ್ನೂ ರೂಪುಗೊಂಡಿರುವುದಿಲ್ಲ.

ತಲೆಯನ್ನು ಕದಲದಂತೆ ನಿಲ್ಲಿಸಿದರೂ ಪುಂಜ ನಿಂತಿರುತ್ತದೆಯೇ ಎಂದರೆ, ಅದೂ ಇಲ್ಲ. 2008ರಲ್ಲಿ ಪ್ಯಾಟ್ರಿಕ್ ಮೂರ್ ಮತ್ತು ಸಂಗಡಿಗರು, ಕಚ್ಚುಪಟ್ಟಿಯ ಮೇಲಿದ್ದ ಡಾಲ್ಫಿನ್ ತಲೆ ತಿರುಗಿಸದೆಯೇ ಪುಂಜವನ್ನು ಪಕ್ಕಕ್ಕೆ ಹೊರಳಿಸುವುದನ್ನೂ ಅದರ ಅಗಲವನ್ನು ಬದಲಿಸುವುದನ್ನೂ ತೋರಿಸಿದರು. ಹೀಗಾಗಿ ಒಂದೇ ಹೈಡ್ರೋಫೋನನ್ನು ಒಂದೊಂದೇ ಕೋನಕ್ಕೆ ಸರಿಸುತ್ತ, ನೂರಾರು ಕ್ಲಿಕ್ಕುಗಳ ಸರಾಸರಿಯಿಂದ ಚಿತ್ರ ಬಿಡಿಸುವ ವಿಧಾನದ ಮೇಲೆ ನನಗೆ ವಿಶ್ವಾಸವಿಲ್ಲ. ಸರಿಯುತ್ತಿರುವ ಪುಂಜದ ಸರಾಸರಿ ಯಾವಾಗಲೂ ನಿಜಕ್ಕಿಂತ ಅಗಲವಾಗಿ ಕಾಣುತ್ತದೆ. ಪ್ರತಿ ಕ್ಲಿಕ್ಕಿಗೂ ಅದರದೇ ಚಿತ್ರ ಬೇಕು. 2009ರಲ್ಲಿ ಯೋಸೆಫಿನ್ ಸ್ಟಾರ್ಕ್‌ಹಾಮರ್ ಮತ್ತು ಸಂಗಡಿಗರು ಪ್ರಕಟಿಸಿದ 47 ಹೈಡ್ರೋಫೋನುಗಳ ಪರದೆ ಈ ಅಗತ್ಯಕ್ಕೆ ಹುಟ್ಟಿದ್ದು.

ಸಮುದ್ರದಲ್ಲಿ ಸ್ವತಂತ್ರವಾಗಿ ಈಜುವ ಪ್ರಾಣಿಗೆ ಕಚ್ಚುಪಟ್ಟಿ ಇಲ್ಲ. ಅಲ್ಲಿ ದೋಣಿಯಿಂದ ಇಳಿಬಿಟ್ಟ ಹೈಡ್ರೋಫೋನುಗಳಿಗೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸದಿಂದ ದೂರವನ್ನು ಲೆಕ್ಕ ಹಾಕುತ್ತೇವೆ. ದೂರದಲ್ಲಿ ಶೇ 10ರ ತಪ್ಪಾದರೆ ಮಟ್ಟದಲ್ಲಿ 0.8 ಡೆಸಿಬಲ್‌ನಷ್ಟು ತಪ್ಪು, ಅದನ್ನು ಸಹಿಸಬಹುದು. ಪ್ರಾಣಿ ನಮ್ಮ ಕಡೆಗೆ ಮುಖ ಮಾಡಿತ್ತೇ ಎಂಬುದು ನಿಜವಾದ ತೊಡಕು. ಡಾಲ್ಫಿನ್ ತಲೆಯನ್ನು ಆಚೀಚೆ ತೂಗುತ್ತ ಕ್ಲಿಕ್ಕುಗಳನ್ನು ಹರಿಸುವಾಗ ಅವುಗಳ ಮಟ್ಟ ಏರಿ ಇಳಿಯುತ್ತದೆ. ಆ ಏರಿಳಿತದ ತುದಿಯಲ್ಲಿದ್ದು, ನಡುವಿನ ಹೈಡ್ರೋಫೋನಿನಲ್ಲೇ ಅತಿ ಹೆಚ್ಚು ಜೋರಾಗಿ ದಾಖಲಾದ ಕ್ಲಿಕ್ಕನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬದಿಗಿಡುತ್ತೇವೆ. ಒಂದಿಡೀ ದಿನದ ದಾಖಲೆಯಿಂದ ಬೆರಳೆಣಿಕೆಯಷ್ಟು ಕ್ಲಿಕ್ಕುಗಳು ಉಳಿದರೆ ಅದು ಒಳ್ಳೆಯ ದಿನ. ಹಾಗೆ ಉಳಿದವುಗಳೂ ಪುಂಜದ ನಟ್ಟನಡುವಿನವೇ ಎಂದು ಪ್ರಮಾಣ ಮಾಡಲಾಗದ ಕಾರಣ, ವರದಿಯಲ್ಲಿ ಅವುಗಳ ಮೂಲಮಟ್ಟಕ್ಕೆ (1 ಮೀಟರ್ ದೂರಕ್ಕೆ ಲೆಕ್ಕ ಹಾಕಿದ ಮಟ್ಟಕ್ಕೆ) ಮೊದಲು ‘ತೋರಿಕೆಯ’ ಎಂಬ ವಿಶೇಷಣವನ್ನು ಸೇರಿಸಿಯೇ ಬರೆಯುತ್ತೇವೆ.