ಬಿಪಿ ಬೇರೆ, ಹರಿವು ಬೇರೆ: ‘ಮಿದುಳಿನ ರಕ್ತಹರಿವು’ ಅಂದರೇನು?

ಯಾರಿಗಾದರೂ ಲಕ್ವಾ ಹೊಡೆದ ಸುದ್ದಿ ಬಂದರೆ ಸಾಕು, ವಾಟ್ಸ್‌ಆ್ಯಪ್ ಫಾರ್ವರ್ಡಿನಿಂದ ಹಿಡಿದು ಹುಬ್ಬಳ್ಳಿಯ ದವಾಖಾನೆಗಳ ಐಸಿಯು ಹೊರಗಿನ ಬೆಂಚಿನವರೆಗೆ ಒಂದೇ ಮಾತು: ‘ಬಿಪಿ ತಲೀಗೆ ಏರಿತ್ರಿ, ತಲ್ಯಾಗ ರಕ್ತದ ಹರಿವು ಜಾಸ್ತಿ ಆಗಿ ಹಿಂಗಾತು.’ ಈಗೀಗ ಸುದ್ದಿ ಬರೆಯುವವರೂ ಇದನ್ನೇ ಗ್ರಾಂಥಿಕ ಮಾಡಿ ‘ಅಧಿಕ ರಕ್ತಹರಿವಿನಿಂದ ಪಾರ್ಶ್ವವಾಯು’ ಎಂದು ಅಚ್ಚು ಹಾಕುತ್ತಿದ್ದಾರೆ. ಬಿಪಿ ಎಂದರೆ ಒತ್ತಡ, ಅದರ ಅಳತೆ ಪಾದರಸದ ಮಿಲಿಮೀಟರಿನಲ್ಲಿ. ಹರಿವು ಎಂದರೆ ಪ್ರಮಾಣ, ಅದರ ಅಳತೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು. ಒಂದು ಏರಿದರೆ ಇನ್ನೊಂದೂ ಏರಬೇಕೆಂಬ ನಿಯಮವೇನೂ ಇಲ್ಲ. ಲಕ್ವಾಗಳಲ್ಲಿ ಹೆಚ್ಚಿನವು ರಕ್ತನಾಳ ಕಟ್ಟಿಕೊಂಡು ಆಗುವಂಥವು. ಅಲ್ಲಿ ಬಿಪಿ 190 ತೋರಿಸುತ್ತಿರುವ ಹೊತ್ತಿನಲ್ಲೇ ಮಿದುಳಿನ ಆ ಭಾಗದ ಹರಿವು ನೆಲ ಕಚ್ಚಿರುತ್ತದೆ. (ಲಕ್ವಾ ಎಂಬ ಅರಬ್ಬೀ ಮೂಲದ ಪದಕ್ಕೆ ಯುನಾನಿಯಲ್ಲಿ ಮುಖ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ಆ ಜಗಳ ಇನ್ನೊಂದು ದಿನಕ್ಕಿರಲಿ.)

ವೈದ್ಯರು ಹೇಳುವ ಮಿದುಳಿನ ರಕ್ತಹರಿವು ಎಂದರೆ 100 ಗ್ರಾಂ ಮಿದುಳಿಗೆ ಒಂದು ನಿಮಿಷದಲ್ಲಿ ದಕ್ಕುವ ರಕ್ತ. ಆರೋಗ್ಯವಂತರಲ್ಲಿ ಇದು ಸರಾಸರಿ 50 ಮಿ.ಲೀ. ಮಿದುಳಿನ ತೂಕ ಸುಮಾರು 1,400 ಗ್ರಾಂ, ಅಂದರೆ ಒಟ್ಟು ನಿಮಿಷಕ್ಕೆ 700 ಮಿ.ಲೀ. ಆಸುಪಾಸು. ಯಾವುದೇ ಭಾಗದಲ್ಲಿ ಅದು 20 ಮಿ.ಲೀ. ಸುಮಾರಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಸಾಯುವುದಿಲ್ಲ. 10ಕ್ಕಿಂತ ಕೆಳಗೆ ಹೋದರೆ ಕೋಶದೊಳಗಿನ ಸೋಡಿಯಂ ಹೊರಹಾಕುವ ಪಂಪೇ ನಿಂತು, ಕೋಶ ಊದಿಕೊಂಡು ನಿಮಿಷಗಳಲ್ಲಿ ಸಾಯುತ್ತದೆ. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡ ಭಾಗಕ್ಕೆ ಪೆನಂಬ್ರಾ ಎಂಬ ಹೆಸರಿದೆ. ಗ್ರಹಣದ ಪಾಠದಲ್ಲಿ ಬರುವ ಅರೆನೆರಳೇ ಅದು. ಕೈ ಎತ್ತಲಾಗದೆ, ಮಾತು ಬಾರದೆ ಮಲಗಿದವರ ಮಿದುಳಿನಲ್ಲಿ ಸತ್ತ ಭಾಗ ಚಿಕ್ಕದಾಗಿ, ಸುಮ್ಮನಾದ ಈ ಅರೆನೆರಳೇ ದೊಡ್ಡದಾಗಿರಬಹುದು. ಮೊದಲ ತಾಸುಗಳ ಚಿಕಿತ್ಸೆಯೆಲ್ಲ ಅದನ್ನು ಉಳಿಸಿಕೊಳ್ಳುವುದಕ್ಕೆ. ಅದು ಉಳಿಯುವುದು ಹರಿವಿನಿಂದ. ಒತ್ತಡ ಅಲ್ಲಿ ಸಾಧನ ಮಾತ್ರ.

ಒತ್ತಡಕ್ಕೂ ಹರಿವಿಗೂ ಇರುವ ನಂಟು ತಿಳಿಯಲು ಹುಬ್ಬಳ್ಳಿ-ಧಾರವಾಡದವರಿಗೆ ನಳದ ನೀರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ವಾಲ್ವ್ ಪೂರ್ತಿ ತೆರೆದು ಮೇನ್ ಲೈನಿನಲ್ಲಿ ಒತ್ತಡ ಭರ್ತಿ ಇದ್ದರೂ, ಮನೆಗೆ ಬರುವ ಪೈಪು ಒಳಗೊಳಗೇ ಕಟ್ಟಿದ್ದರೆ ಕೊಡ ತುಂಬುವುದಿಲ್ಲ. ಹರಿವನ್ನು ತೀರ್ಮಾನಿಸುವುದು ಎರಡು: ಎರಡು ತುದಿಗಳ ಒತ್ತಡದ ವ್ಯತ್ಯಾಸ, ಮತ್ತು ದಾರಿಯಲ್ಲಿನ ತಡೆ. ನಾಳದ ವ್ಯಾಸ ಅರ್ಧವಾದರೆ ತಡೆ ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆ. ಬಿಪಿ ಮಷಿನ್ ತೋಳಿನಲ್ಲಿ ಅಳೆಯುವುದು ಈ ಲೆಕ್ಕದ ಒಂದು ತುದಿಯನ್ನು ಮಾತ್ರ.

ಇನ್ನೊಂದು ತುದಿ ತಲೆಬುರುಡೆಯ ಒಳಗಿನ ಒತ್ತಡ. ಮಲಗಿದ ವಯಸ್ಕರಲ್ಲಿ ಅದು 15 ಮಿ.ಮೀ. ಒಳಗಿರುತ್ತದೆ. ಸರಾಸರಿ ಬಿಪಿಯಿಂದ ಇದನ್ನು ಕಳೆದರೆ ಮಿದುಳಿಗೆ ರಕ್ತ ತಳ್ಳುವ ನಿಜವಾದ ಒತ್ತಡ ಸಿಗುತ್ತದೆ. ಸರಾಸರಿ ಎಂದರೆ ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ಅರ್ಧ ಮಾಡುವುದಲ್ಲ. ಕೆಳಗಿನ ಬಿಪಿಗೆ ಎರಡರ ಅಂತರದ ಮೂರನೇ ಒಂದು ಭಾಗ ಸೇರಿಸಬೇಕು. 180/90 ಇದ್ದರೆ ಸರಾಸರಿ 120. ಬುರುಡೆಯೊಳಗೆ 10 ಇದ್ದರೆ ತಳ್ಳುವ ಒತ್ತಡ 110. ಮೂರನೇ ದಿನಕ್ಕೆ ಬನ್ನಿ: ಮಿದುಳಿನ ಬಾವು ಏರುವ ಹೊತ್ತು ಅದು. ಬಿಪಿ 115/70, ಸರಾಸರಿ 85, ಬುರುಡೆಯೊಳಗಿನ ಒತ್ತಡ 30. ತಳ್ಳುವ ಒತ್ತಡ 55ಕ್ಕೆ, ಅಂದರೆ ಮೊದಲಿನ ಅರ್ಧಕ್ಕೆ ಬಂತು. ಹೊರಗೆ ಕುಳಿತ ಮನೆಯವರು ಮಾತ್ರ ಮಾನಿಟರ್ ನೋಡಿ ‘ಬಿಪಿ ನಾರ್ಮಲ್ ಆತು, ಇನ್ನ ಚಿಂತಿ ಇಲ್ಲ’ ಅನ್ನುತ್ತಿರುತ್ತಾರೆ.

ಈ ಲೆಕ್ಕ ಐಸಿಯು ಒಳಗೂ ತಪ್ಪುತ್ತದೆ. ಕೈಯ ಧಮನಿಯಲ್ಲಿ ಲೈನ್, ಅಂದರೆ ಸಣ್ಣ ನಳಿಕೆ ಹಾಕಿ ಬಿಪಿ ನೋಡುವಾಗ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಎದೆಯ ಮಟ್ಟಕ್ಕೆ ಕಟ್ಟುವುದು ರೂಢಿ. ರೋಗಿಯ ತಲೆ 30 ಡಿಗ್ರಿ ಎತ್ತರದಲ್ಲಿದೆ. ಕಿವಿಯ ಮುಂದಿನ ಕುಡಿ ಎದೆಗಿಂತ 15 ಸೆಂ.ಮೀ. ಮೇಲಿದ್ದರೆ, ಮಿದುಳಿನ ಬುಡದಲ್ಲಿನ ಒತ್ತಡ ಮಾನಿಟರ್ ತೋರಿಸಿದ್ದಕ್ಕಿಂತ ಸುಮಾರು 11 ಮಿ.ಮೀ. ಕಡಿಮೆ ಇರುತ್ತದೆ. ಪರದೆಯ ಮೇಲೆ 65 ಎಂದು ಕಂಡದ್ದು ನಿಜಕ್ಕೂ 54. ಟ್ರಾನ್ಸ್‌ಡ್ಯೂಸರನ್ನು ಕಿವಿಯ ಮಟ್ಟಕ್ಕೆ ತಂದು ಶೂನ್ಯ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಯಾವ ಮಟ್ಟಕ್ಕೆ ಕಟ್ಟಿದ್ದೇವೆಂದು ಚಾರ್ಟಿನಲ್ಲಿ ಬರೆದಿಡಬೇಕು.

ಈಗ ನಿಜವಾದ ಗೊಂದಲಕ್ಕೆ ಬರೋಣ. ಆರೋಗ್ಯವಂತ ಮಿದುಳು ಬಿಪಿ ಏರಿಳಿದಂತೆ ತನ್ನ ಹರಿವನ್ನು ಏರಿಳಿಸಿಕೊಳ್ಳುವುದಿಲ್ಲ. ಬಿಪಿ ಏರಿದರೆ ಅದರ ಸಣ್ಣ ಧಮನಿಗಳು ಬಿಗಿಯುತ್ತವೆ, ಇಳಿದರೆ ಸಡಿಲಗೊಳ್ಳುತ್ತವೆ. ಡೆನ್ಮಾರ್ಕಿನ ನೀಲ್ಸ್ ಲಾಸನ್ 1959ರಲ್ಲಿ ಇದನ್ನು ಒಂದು ವಕ್ರರೇಖೆಯಾಗಿ ಕಟ್ಟಿಕೊಟ್ಟರು. ಸರಾಸರಿ ಬಿಪಿ 60ರಿಂದ 150ರವರೆಗೆ ಹರಿವು ಹೆಚ್ಚುಕಡಿಮೆ ಸಮತಟ್ಟು ಎಂಬುದು ಪಠ್ಯದ ಲೆಕ್ಕ. ಸಮತಟ್ಟು ಅಷ್ಟು ಅಗಲವಿಲ್ಲ ಎನ್ನುತ್ತವೆ ಇತ್ತೀಚಿನ ಅಧ್ಯಯನಗಳು. ಇದಕ್ಕೆ ಆಟೋರೆಗ್ಯುಲೇಷನ್, ಅಂದರೆ ಸ್ವನಿಯಂತ್ರಣ ಎನ್ನುತ್ತಾರೆ. ಹಾಗಾಗಿ ಸಿಟ್ಟು ಬಂದಾಗ ಬಿಪಿ ಏರಿ ‘ತಲೀಗೆ ರಕ್ತ ನುಗ್ಗಿತು’ ಅನ್ನುವುದು ಬರೀ ಮಾತು. ನುಗ್ಗದಂತೆ ತಡೆಯುವ ಕಾವಲು ಅಲ್ಲೇ ಇದೆ.

ಹತ್ತಾರು ವರ್ಷ ಬಿಪಿ ಇದ್ದವರಲ್ಲಿ ಈ ವಕ್ರರೇಖೆಯೇ ಬಲಕ್ಕೆ, ಅಂದರೆ ಹೆಚ್ಚಿನ ಬಿಪಿಯ ಕಡೆಗೆ ಸರಿದಿರುತ್ತದೆ. ಉಳಿದವರಿಗೆ ಹಿತವಾದ ಒತ್ತಡ ಅವರ ಮಿದುಳಿಗೆ ಸಾಲದು. ಲಕ್ವಾ ಹೊಡೆದ ಭಾಗದಲ್ಲಂತೂ ಸ್ವನಿಯಂತ್ರಣವೇ ಸತ್ತಿರುತ್ತದೆ. ಅಲ್ಲಿಯ ನಾಳಗಳು ಎಷ್ಟು ಹಿಗ್ಗಬಹುದೋ ಅಷ್ಟೂ ಹಿಗ್ಗಿ ಆಗಿದೆ, ಇನ್ನು ಹರಿವು ಬಿಪಿಯ ಹಿಂದೆಯೇ ಹೋಗುತ್ತದೆ. ಬಿಪಿ ಇಳಿದರೆ ಅರೆನೆರಳಿನ ಹರಿವೂ ಇಳಿಯಿತು, ಅದು ಪೂರ್ತಿ ಕತ್ತಲಾಯಿತು. ಅದಕ್ಕೇ ‘ಸರ್ರ, ಅಪ್ಪಾರ ಬಿಪಿ ಇನ್ನೂ 180 ಐತಿ, ಯಾಕ ಇಳಸವಲ್ರಿ?’ ಎಂದು ಕೇಳಿದರೂ ವೈದ್ಯರು ಗುಳಿಗೆ ಕೊಡದೆ ಕೈಕಟ್ಟಿ ನಿಲ್ಲುವುದು. ಅದು ನಿರ್ಲಕ್ಷ್ಯವಲ್ಲ, ಲೆಕ್ಕಾಚಾರ.

ನಾಳ ಕಟ್ಟಿದ ಲಕ್ವಾದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಿಲ್ಲ, ನಾಳದೊಳಗಿಂದ ಹೆಪ್ಪು ತೆಗೆಯುವ ಚಿಕಿತ್ಸೆಯೂ ಇಲ್ಲ, ಹೃದಯಾಘಾತದಂಥ ಬೇರೆ ತುರ್ತೂ ಇಲ್ಲ ಎಂದಾದರೆ ಬಿಪಿ 220/120 ದಾಟುವವರೆಗೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ದಾಟಿದರೂ ಮೊದಲ 24 ತಾಸಿನಲ್ಲಿ 15 ಪ್ರತಿಶತದಷ್ಟು ಮಾತ್ರ ಇಳಿಸುತ್ತಾರೆ. ಇಂಜೆಕ್ಷನ್ ಕೊಡುವುದಾದರೆ ಮೊದಲು 185/110ರ ಒಳಗೆ ತರಬೇಕು, ಕೊಟ್ಟ ಮೇಲೆ 24 ತಾಸು 180/105 ಮೀರಗೊಡಬಾರದು. ಮೀರಿದರೆ ಸತ್ತ ಭಾಗದೊಳಗೆ ರಕ್ತಸ್ರಾವ ಆಗುವ ಭಯ. ನಾಳ ಒಡೆದ ಲಕ್ವಾ, ಅಂದರೆ ಬ್ರೇನ್ ಹ್ಯಾಮರೇಜ್ ಆಗಿದ್ದರೆ ಮಾತು ತಿರುಗಾಮುರುಗಾ: ಮೇಲಿನ ಬಿಪಿ 150ರಿಂದ 220ರ ನಡುವೆ ಇದ್ದರೆ ಅದನ್ನು ಬೇಗ 140ರ ಆಸುಪಾಸಿಗೆ ತರಬೇಕು. ಕಟ್ಟಿದ್ದೋ ಒಡೆದದ್ದೋ ಎಂಬುದು ಸಿಟಿ ಸ್ಕ್ಯಾನ್ ಇಲ್ಲದೆ ಹೊರಗಿನಿಂದ ತಿಳಿಯುವುದಿಲ್ಲ. ಸ್ಕ್ಯಾನಿಗೆ ಮೊದಲೇ ಬಿಪಿ ಇಳಿಸುವ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆಯ ಕೆಳಗೆ ಹಿಂಡುವ ಚಾಳಿ ಇನ್ನೂ ಅಲ್ಲಲ್ಲಿ ಇದೆ. ಬಿಪಿ ಎಷ್ಟು ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕೊಟ್ಟವರ ಕೈಯಲ್ಲಿ ಇರುವುದಿಲ್ಲ. 190 ಇದ್ದದ್ದು ಅರ್ಧ ತಾಸಿನಲ್ಲಿ 110ಕ್ಕೆ ಬಂದು, ಸೋತ ಕೈಯ ಜೊತೆ ಕಾಲೂ ಸೋತರೆ ಆಗ ‘ಬಿಪಿ ಕಂಟ್ರೋಲ್‌ಗೆ ಬಂತು’ ಎಂದು ಬರೆಯುವುದಕ್ಕೆ ಅರ್ಥವಿಲ್ಲ.

ಕಟ್ಟಿದ ನಾಳವನ್ನು ಕ್ಯಾತಿಟರ್ ಹಾಕಿ ತೆರೆದ ಮೇಲೆ ಏನು ಮಾಡಬೇಕೆಂಬುದು ಇನ್ನೂ ಸೂಕ್ಷ್ಮ. ನಾಳ ತೆರೆದಾಯಿತಲ್ಲ, ಇನ್ನು ಬಿಪಿ ಕೆಳಗಿದ್ದಷ್ಟೂ ಕ್ಷೇಮ ಎಂದೇ ಬಹಳ ಜನ ನಂಬಿದ್ದರು. ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 120ರ ಕೆಳಗೆ ಹಿಡಿದವರ ಸ್ಥಿತಿ 140–180ರಲ್ಲಿ ಬಿಟ್ಟವರಿಗಿಂತ ಕೆಟ್ಟದಾಗಿ, ಪ್ರಯೋಗವನ್ನೇ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ದೊಡ್ಡ ನಾಳ ತೆರೆದರೂ ಅದರಾಚೆಯ ಸೂಕ್ಷ್ಮ ನಾಳಗಳಲ್ಲಿ ಹರಿವು ಮರಳಿರುವುದಿಲ್ಲ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಹರಿವಿನ ಜೊತೆ ಕಲಸಿಹೋಗುವ ಇನ್ನೊಂದು ಪದ ವೇಗ. ಧ್ವನಿತರಂಗದಿಂದ ನಾಳ ನೋಡುವ ಕತ್ತಿನ ಡಾಪ್ಲರ್ ರಿಪೋರ್ಟಿನಲ್ಲಿ ‘ಸೆಕೆಂಡಿಗೆ 250 ಸೆಂ.ಮೀ.’ ಎಂದು ಕಂಡು ‘ರಕ್ತ ಭಾಳ ಜೋರ ಹರೀತೈತಿ, ಚಲೋ ಆತು’ ಅಂದುಕೊಂಡವರಿದ್ದಾರೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಚಿಮ್ಮುವ ವೇಗ ಏರುತ್ತದೆ, ಬಕೆಟ್ ತುಂಬುವುದು ತಡವಾಗುತ್ತದೆ. ಆ 250 ಎಂದರೆ ನಾಳ 70 ಪ್ರತಿಶತಕ್ಕಿಂತ ಹೆಚ್ಚು ಕಿರಿದಾಗಿದೆ ಎಂಬ ಸೂಚನೆ. 1982ರಲ್ಲಿ ರೂನ್ ಆಸ್ಲಿಡ್ ಮತ್ತು ಜೊತೆಗಾರರು ಬಳಕೆಗೆ ತಂದ, ಬುರುಡೆಯ ಮೂಲಕ ನೋಡುವ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಕೂಡ ಅಳೆಯುವುದು ವೇಗವನ್ನೇ. ಕಣತಲೆಯ ತೆಳು ಮೂಳೆಯ ಮೇಲೆ 2 ಮೆಗಾಹರ್ಟ್ಸ್ ಪ್ರೋಬ್ ಇಟ್ಟು, 50 ಮಿ.ಮೀ. ಆಸುಪಾಸಿನ ಆಳದಲ್ಲಿ ಮಿದುಳಿನ ಮಧ್ಯ ಧಮನಿಯನ್ನು ಹುಡುಕುತ್ತಾರೆ. ಕೆಲವರ ಮೂಳೆ ದಪ್ಪವಿದ್ದು ಧ್ವನಿ ಒಳಗೆ ಹೋಗುವುದೇ ಇಲ್ಲ, ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ವೇಗ 150 ಬಂದರೆ ಅದಕ್ಕೆ ಎರಡು ಅರ್ಥ ಸಾಧ್ಯ: ನಾಳ ಸೆಡೆತುಕೊಂಡಿದೆ, ಇಲ್ಲವೆ ನಿಜಕ್ಕೂ ಹರಿವು ಹೆಚ್ಚಿದೆ. ಬಿಡಿಸಲು ಕತ್ತಿನ ಒಳ ಧಮನಿಯ ವೇಗವನ್ನೂ ಅಳೆದು, ಮಿದುಳಿನ ಧಮನಿಯ ವೇಗವನ್ನು ಅದರಿಂದ ಭಾಗಿಸಬೇಕು. ಭಾಗಲಬ್ಧ 3ಕ್ಕಿಂತ ಹೆಚ್ಚಿದ್ದರೆ ಸೆಡೆತ, ಕಡಿಮೆಯಿದ್ದರೆ ಹರಿವು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಹೊಂದುವುದಿಲ್ಲ, ಹಾಗಾಗಿ ಬರೀ ‘ಡಾಪ್ಲರ್ ಹೈ’ ಎಂದು ಬರೆದ ರಿಪೋರ್ಟು ಯಾರಿಗೂ ಉಪಯೋಗವಿಲ್ಲ.

‘ಮಿದುಳಿನ ರಕ್ತಸಂಚಾರ ಹೆಚ್ಚಿಸುವ’ ಎಣ್ಣೆ, ಪುಡಿ, ಗುಳಿಗೆಗಳ ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾಳ ಹಿಗ್ಗಿಸುವ ಔಷಧಿಯೇ ಆಗಿದ್ದರೂ ಅದು ಹಿಗ್ಗಿಸುವುದು ಆರೋಗ್ಯವಂತ ನಾಳಗಳನ್ನು. ಪೆಟ್ಟು ತಿಂದ ಭಾಗದವು ಆಗಲೇ ಹಿಗ್ಗಿ ಕುಳಿತಿವೆ. ಫಲ: ಇದ್ದ ರಕ್ತವೂ ಬಡವನ ಮನೆಯಿಂದ ಶ್ರೀಮಂತನ ಮನೆಗೆ. ವೈದ್ಯರ ಭಾಷೆಯಲ್ಲೂ ಇದರ ಹೆಸರು ಕಳವು ಎಂದೇ.

ಜಾಹೀರಾತಿಲ್ಲದೆಯೇ ಹರಿವನ್ನು ಏರಿಳಿಸುವುದು ಇಂಗಾಲದ ಡೈಆಕ್ಸೈಡ್. ರಕ್ತದಲ್ಲಿ ಅದರ ಒತ್ತಡ 1 ಮಿ.ಮೀ. ಇಳಿದರೆ ಮಿದುಳಿನ ಹರಿವು ಸುಮಾರು 3 ಪ್ರತಿಶತ ಇಳಿಯುತ್ತದೆ. ಪ್ರಜ್ಞೆಯಿಲ್ಲದ ರೋಗಿಗೆ ಉಸಿರಿನ ನಳಿಕೆ ಹಾಕಿ, ದಾರಿಯುದ್ದಕ್ಕೂ ಗಾಬರಿಯಲ್ಲಿ ಆಂಬು ಬ್ಯಾಗನ್ನು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ನಿಮಿಷಕ್ಕೆ 30 ಸಲ ಒತ್ತಿದರೆ 40 ಇದ್ದದ್ದು 30ಕ್ಕೆ ಬಂದೀತು. ಹರಿವು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಬಿಪಿ, ಆಕ್ಸಿಜನ್ ಎರಡೂ ಪರದೆಯ ಮೇಲೆ ಸರಿಯಾಗಿಯೇ ಇರುತ್ತವೆ. ಐದಾರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಒತ್ತಿದರೆ ಸಾಕು.

ನ್ಯೂರೋ ಐಸಿಯು ವೈದ್ಯರು ಲಕ್ವಾ ನಂತರದ ರಕ್ತಹರಿವಿನ ಸಂಶೋಧನೆ ಮಾಡುತ್ತಾರೆ ಎಂದರೆ ಅವರೇನೋ ಹೊಸ ಬಿಪಿ ಗುಳಿಗೆ ಹುಡುಕುತ್ತಿದ್ದಾರೆಂದು ತಿಳಿಯಬೇಡಿ. ಎಲ್ಲರಿಗೂ 140, ಎಲ್ಲರಿಗೂ 180 ಎಂಬ ಅಂಕಿಯ ಬದಲು, ಹಾಸಿಗೆಯ ಮೇಲಿರುವ ಈ ಒಬ್ಬರ ಸಮತಟ್ಟು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಅವರ ಪ್ರಶ್ನೆ. ಹಣೆಯ ಮೇಲೆ ಅವಗೆಂಪು ಬೆಳಕಿನ ಪಟ್ಟಿ ಅಂಟಿಸಿ ಮಿದುಳಿನ ಆಕ್ಸಿಜನ್ ನೋಡುತ್ತಾರೆ, ಜೊತೆಗೆ ಧಮನಿಯ ಬಿಪಿ. ಬಿಪಿ ಏರಿಳಿದಂತೆ ಮಿದುಳಿನ ಆಕ್ಸಿಜನ್ನೂ ಏರಿಳಿದರೆ ಸ್ವನಿಯಂತ್ರಣದ ಕಾವಲು ಸತ್ತಿದೆ ಎಂದರ್ಥ. ಎರಡಕ್ಕೂ ನಂಟು ಕಾಣದ ಬಿಪಿ ಮಟ್ಟ ಯಾವುದೋ ಅದು ಆ ರೋಗಿಗೆ ತಕ್ಕ ಮಟ್ಟ. ತಾಸುಗಟ್ಟಲೆ ದಾಖಲೆ ಬೇಕು. ರೋಗಿ ಕೆಮ್ಮಿದರೂ ಹೊರಳಿಸಿದರೂ ಆ ತುಣುಕು ಕೆಡುತ್ತದೆ. ಪಟ್ಟಿ ನೋಡುವುದು ಹಣೆಯ ಹಿಂದಿನ ಮೇಲ್ಪದರವನ್ನು ಮಾತ್ರ ಎಂಬ ಮಿತಿಯೂ ಇದೆ.

ಅಂಥ ಸಲಕರಣೆ ಇಲ್ಲದ ಕಡೆಯೂ ಆಗುವ ಕೆಲಸ ಒಂದಿದೆ. ಗದಗ, ಹಾವೇರಿ, ಶಿಗ್ಗಾಂವಿ ಕಡೆಯಿಂದ ಹುಬ್ಬಳ್ಳಿಗೆ ಕಳಿಸುವ ಚೀಟಿಯಲ್ಲಿ ‘ಬಿಪಿ ಹೈ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಸೋಲದ ಕೈಯಲ್ಲಿ ನೋಡಿದ ಮೇಲಿನ-ಕೆಳಗಿನ ಅಂಕಿ, ನೋಡಿದ ಹೊತ್ತು, ಕೊಟ್ಟ ಔಷಧಿ, ಕೊಟ್ಟ ಮೇಲಿನ ಅಂಕಿ, ರೋಗಿ ಸರಿಯಾಗಿದ್ದುದನ್ನು ಕಡೆಯದಾಗಿ ನೋಡಿದ ಸಮಯ, ಸಕ್ಕರೆಯ ಅಂಶ, ಇಷ್ಟು ಇರಲಿ. ಸಕ್ಕರೆ ಬಿದ್ದರೂ ಕೈಕಾಲು ಲಕ್ವಾದಂತೆಯೇ ಸೋಲುತ್ತದೆ. ಮನೆಯವರು ಹೊರಡುವಾಗ ಹಳೆಯ ಬಿಪಿ ಚೀಟಿ, ದಿನಾ ನುಂಗುವ ಗುಳಿಗೆಯ ಪಟ್ಟಿ ಜೊತೆಗೆ ತರಬೇಕು. ವರ್ಷಗಟ್ಟಲೆ 160ರಲ್ಲೇ ಓಡಾಡಿಕೊಂಡಿದ್ದವರಿಗೆ 120 ನಾರ್ಮಲ್ ಅಲ್ಲ ಎಂದು ಗೊತ್ತಾಗುವುದು ಆ ಚೀಟಿಯಿಂದಲೇ.